ಮುನೀರಾ ಹಿಡಿದ ತೂತಿನ ಬಟ್ಟಲು

ಕಮಲಾಪುರದ ಬಾಳೆತೋಟದಲ್ಲಿ ಇನ್ನೂ ಮಬ್ಬುಗತ್ತಲು. ಬಾವಿಯ ಮೋಟಾರು ಗುಂಯ್‌ಗುಡುತ್ತಿದೆ. ಕಟ್ಟೆಯ ಮೇಲೆ ಕುಳಿತ ಮುನೀರಾ, ನೀರು ತುಂಬಿದ ಬಕೆಟ್ಟಿನಲ್ಲಿ ತಾಮ್ರದ ಬಟ್ಟಲು ತೇಲಿಬಿಟ್ಟು ಅದನ್ನೇ ದಿಟ್ಟಿಸುತ್ತಿದ್ದಾರೆ. ಬಟ್ಟಲಿನ ತಳದಲ್ಲಿ ಸಣ್ಣ ತೂತು. ನೀರು ಒಳಗೆ ಜಿನುಗಿ ಜಿನುಗಿ ಬಟ್ಟಲು ಬುಳುಕ್ಕನೆ ಮುಳುಗುತ್ತದೆ.

"ನಾಗಣ್ಣೋರ, ನಿಮ್ಮ ಪಾಳಿ ಮುಗೀತ್ರೀ!"

ನಾಗಣ್ಣ ಸಲಿಕೆಯಿಂದ ಮಣ್ಣೆಳೆದು ತಮ್ಮ ಕಾಲುವೆ ಮುಚ್ಚುತ್ತಾರೆ. ಪಕ್ಕದ ತೋಟದ ಶಿವಕಾಂತಮ್ಮ ತಮ್ಮದನ್ನು ತೆರೆಯುತ್ತಾರೆ. ಕೆಂಪು ಬಾಳೆ ನೋಡಲು ಬಂದ ನಾನು ಬಾಳೆ ಮರೆತು ಬಟ್ಟಲಿನ ಮುಂದೆ ಕುಳಿತಿದ್ದೇನೆ. ಹಿಂದೆ ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರೆಂದು ಕೇಳಿದ್ದೆ. ತೋಟದ ನೀರಿಗೆ ಇದನ್ನು ಇಟ್ಟವರು ಯಾರು?

"ನಮ್ಮ ಅಬ್ಬಾರೀ. ಇರಾನದಾಗ ದೇಹ್-ನೌ ಅಂತ ಸಣ್ಣ ಹಳ್ಳಿ. ಅಂದ್ರ ಹೊಸೂರು. ಮಳಿ ಇಲ್ಲ, ಹೊಳಿ ಇಲ್ಲ. ಗುಡ್ಡದ ಬುಡದಿಂದ ನೆಲದಾಗ ಸುರಂಗ ಹೊಡದು ನೀರು ತರ್ತಿದ್ರಂತ. ಆ ನೀರು ಹಂಚಾಂವಗ ಮೀರಾಬ್ ಅಂತಿದ್ರು. ನಮ್ಮ ಅಜ್ಜ ಮೀರಾಬ್ ಇದ್ದ."

ಹಡಗು ಹತ್ತಿ ಮುಂಬಯಿಗೆ ಬಂದ ಅಬ್ಬಾ ರಜಬ್ ಅಲಿ, ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಚಹಾದಂಗಡಿ ಇಟ್ಟರು. ಗಿರಾಕಿಗಳೊಡನೆ ಕನ್ನಡ, ಮನೆಯಲ್ಲಿ ದಖನಿ ಉರ್ದು, ಸಿಟ್ಟು ಬಂದಾಗ ಮಾತ್ರ ಫಾರ್ಸಿ. ಮಗಳನ್ನು ಕಮಲಾಪುರದ ಖಮರುದ್ದೀನ್‌ಗೆ ಕೊಟ್ಟರು. ಒಮ್ಮೆ ಮಗಳನ್ನು ನೋಡಲು ಬಂದಾಗ ಈ ಹಂಚಿಕೆಯ ಬಾವಿಯ ಬಳಿ ನೀರಿನ ಜಗಳಕ್ಕೆ ಸಲಿಕೆಗಳೇ ಮೇಲೆದ್ದಿದ್ದವು. ಮುದುಕ ಬಟ್ಟಲಿಗೆ ತೂತು ಕೊರೆಸಿಕೊಂಡು ಬಂದು ನಡುವೆ ಕುಳಿತುಬಿಟ್ಟರು. ಅವರ ನಂತರ ಮುನೀರಾ ಕುಳಿತಿದ್ದಾರೆ.

ನಡುವೆ ಕರೆಂಟು ಹೋಗುತ್ತದೆ. ಮುನೀರಾ ಚಟ್ಟನೆ ತೂತಿಗೆ ಬೆರಳೊತ್ತಿ, ಅರ್ಧ ತುಂಬಿದ ಬಟ್ಟಲನ್ನು ಎತ್ತಿ ಹಿಡಿಯುತ್ತಾರೆ. ಕರೆಂಟು ಬರುವವರೆಗೂ ಶಿವಕಾಂತಮ್ಮನ ಪಾಳಿ ಹೀಗೆ ಅವರ ಬೆರಳ ತುದಿಯಲ್ಲಿ ನಿಂತಿರುತ್ತದೆ. ಕೈ ನೋಯುವುದಿಲ್ಲವೇ ಎಂದರೆ ನಗುತ್ತಾರೆ.

ಈ ದುಡಿಮೆಗೆ ಕೂಲಿ ಇಲ್ಲ. ಎಲ್ಲರ ಪಾಳಿ ಮುಗಿದ ಮೇಲೆ ಕೊನೆಯ ಒಂದು ಬಟ್ಟಲು ಮುಳುಗುವಷ್ಟು ಹೊತ್ತಿನ ನೀರು ಮುನೀರಾ ಅವರ ಅಂಗೈಯಗಲದ ತುಂಡಿಗೆ. ಅದಕ್ಕೂ ದೇಹ್-ನೌದ ಕಟ್ಟಳೆ ಒಂದಿದೆ: ನೀರು ಹಂಚುವವರು ತಮ್ಮ ನೀರನ್ನು ತಾವು ಅಳೆಯಬಾರದು. ಬೇರೊಬ್ಬರು ಬಂದು ಬಟ್ಟಲಿನ ಮುಂದೆ ಕೂರಬೇಕು. ಈಗ ತೊಡಕು ಬಿದ್ದಿರುವುದೇ ಅಲ್ಲಿ.

ಈ ಸಲದ ರಂಜಾನ್ ಹಬ್ಬಕ್ಕೆ ಮುನೀರಾ ಮನೆಯ ಪಾತ್ರೆಗಳ ಜೊತೆ ಬಟ್ಟಲನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ತೂತಿಗೆ ಕಟ್ಟಿದ್ದ ಕಿಲುಬೆಲ್ಲ ಹೋಯಿತು. ಬಟ್ಟಲು ಬೇಗ ಮುಳುಗತೊಡಗಿತು. ಎಲ್ಲರ ತೋಟದಲ್ಲೂ ಕೊನೆಯ ಸಾಲು ಒಣಗಿತು. ಮುನೀರಾ ಅವರ ತುಂಡು ಚಿಕ್ಕದು, ಅಷ್ಟು ನೀರೇ ಸಾಕಾಗಿ ಹಸಿಯಾಗಿಯೇ ಉಳಿಯಿತು.

"ಬೇಲಿನೇ ಎದ್ದು ಹೊಲ ಮೇಯ್ತು ಅಂದ್ರು ನಮ್ಮವರು. ನಾನೂ ಅಂದೆ. ವಾಚಿನ ಮ್ಯಾಲೆ ಹಂಚೋಣು ಅಂತನೂ ಅಂದೆ," ಎನ್ನುತ್ತಾರೆ ನಾಗಣ್ಣ. ಅವರ ಮಣಿಕಟ್ಟಿನಲ್ಲಿ ಎಚ್ಚೆಮ್ಟಿ ವಾಚು ಮಿನುಗುತ್ತಿದೆ.

ಶಿವಕಾಂತಮ್ಮ ಒಪ್ಪಲಿಲ್ಲವಂತೆ. "ವಾಚು ನಿನ್ನ ಕೈಯಾಗದ. ಬಟ್ಟಲ ಮುಳುಗೂದು ಎಲ್ಲಾರ ಕಣ್ಣಿಗೂ ಕಾಣ್ತದ," ಎಂದು ಬಾಯಿ ಮುಚ್ಚಿಸಿದರಂತೆ.

ಮುನೀರಾ ಕಲಾಯಿ ಹಾಕಿಸಿ ತೂತು ಕಿರಿದು ಮಾಡಿಸಿದರು. ಬಟ್ಟಲು ಉಳಿಯಿತು. ಆದರೆ ಅಂದಿನಿಂದ ಅವರ ಪಾಳಿಗೆ ಯಾರೂ ಬಂದು ಕೂತಿಲ್ಲ. ಅವರೂ ಕರೆದಿಲ್ಲ. ಒಂದೂವರೆ ವರ್ಷ ಸಾಕಿದ ಕೆಂಪು ಬಾಳೆ ಗೊನೆ ಬಿಡುವ ಹೊತ್ತಿನಲ್ಲಿ ಎಲೆ ಜೋಲುಹಾಕಿ ನಿಂತಿದೆ.

"ನೀವು ನೀರು ತೊಗೊಂಡ್ರ ಬ್ಯಾಡ ಅನ್ನೋರಿಲ್ಲಲ್ಲ?" ಎಂದು ಕೇಳುತ್ತೇನೆ.

"ನಾನೇ ಅಳದು ನಾನೇ ತೊಗೊಂಡ್ರ ಅದು ಪಾಳಿ ಹ್ಯಾಂಗಾಗ್ತದ್ರೀ?"

ಬಿಸಿಲೇರಿದೆ. ಕೊನೆಯ ರೈತ ಅಣವೀರಪ್ಪನ ಕಾಲುವೆಯೂ ಮುಚ್ಚಿದೆ. ಮೋಟಾರು ಇನ್ನೂ ನಡೆಯುತ್ತಿದೆ. ಮುನೀರಾ ಬಟ್ಟಲು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಾರೆ. ಆಗ ನಾಗಣ್ಣ ಸಲಿಕೆ ಒರಗಿಸಿ ಕಟ್ಟೆ ಹತ್ತುತ್ತಾರೆ, ವಾಚು ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾರೆ, ಬಟ್ಟಲಿಗೆ ಕೈ ಚಾಚುತ್ತಾರೆ.

"ಹೋಗವ್ವಾ, ನಿನ್ನ ಕಾಲುವಿ ತೆಗಿ. ನಾ ಕುಂಡ್ರತೀನಿ."

ಮುನೀರಾ ಬಟ್ಟಲನ್ನು ಅವರ ಕೈಗಿಡುತ್ತಾರೆ. ಮರುಗಳಿಗೆ ಸೆರಗು ಸಿಕ್ಕಿಸಿಕೊಂಡು ಓಡುತ್ತಾರೆ. ಬಾಳೆಗಿಡಗಳ ನಡುವಿನಿಂದ ಅವರ ದನಿ ಕೇಳುತ್ತದೆ:

"ಮುಳುಗಿದ ಕೂಡ್ಲೇ ಕೂಗ್ರಿ ನಾಗಣ್ಣೋರ! ನಂದು ಅಂತ ಒಂದು ಹನಿನೂ ಹೆಚ್ಚಿಗಿ ಬಿಡಬ್ಯಾಡ್ರಿ!"