ಶಿವವ್ವ ನೆಟ್ಟಗಾದದ್ದು

ನಮ್ಮ ಪಕ್ಕದ ಖೋಲಿಯ ಶಿವವ್ವನಂಥ ಅಚ್ಚುಕಟ್ಟಿಲ್ಲದ ಹೆಂಗಸನ್ನು ನಾನು ಕಂಡಿಲ್ಲ. ಅವಳ ಗಂಡ ಯಮನೂರ, ಫೋಂಡಾ ಪೇಟೆಯಲ್ಲಿ ಗಾರೆ ಕೆಲಸಕ್ಕೆ ಹೋದರೆ, ಇವಳು ನನ್ನ ಜೊತೆ ಮಡ್ಕಯಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ನಮ್ಮನ್ನು ಕಾರ್ಖಾನೆಗೆ ಒಯ್ಯುವ ಟೆಂಪೋದವನು ಹಾರ್ನ್ ಹೊಡೆದ ಮೇಲೆಯೇ ಇವಳಿಗೆ ಬಾಚಣಿಗೆ ನೆನಪಾಗಬೇಕು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು. “ಮೈಮ್ಯಾಲೆ ಎಚ್ಚರ ಇಟ್ಕೊಂಡು ಬಾಳೇವು ಮಾಡವಾ” ಎಂದು ಬೈದು ಬೈದು ನನ್ನ ಬಾಯಿ ಒಣಗಿತ್ತು. ಪುಣ್ಯಾತ್ಗಿತ್ತಿ ನಗುತ್ತಿದ್ದಳು.

ಐದು ವರ್ಷದ ಮಗಳು ಅಶ್ವಿನಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿ ಬರುತ್ತಿದ್ದಳು. ಬೈಯಬೇಡಿ, ನಮ್ಮ ಖೋಲಿಗಳ ಸಾಲಿನಲ್ಲಿ ಬಹಳ ಮಂದಿ ಹಾಗೆಯೇ ಮಾಡುವುದು. ಬಾಗಿಲ ಮುಂದೆಯೇ ಲಾರಿ ಓಡಾಡುವ ರಸ್ತೆ. ಆಚೆ ಖೋಲಿಯ ಲಾಡಬಿ ಕಿಟಕಿಯಿಂದ ಆಗಾಗ ನೋಡುತ್ತಿದ್ದಳು. ಒಂದು ದಿನ ಲಾಡಬಿಯೂ ಮದುವೆಗೆಂದು ವಾಳಪೈ ಊರಿಗೆ ಹೋಗಿದ್ದಳು.

ಅಂದು ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಶಿವವ್ವನ ಕೈ ನಿಂತಿತು.

“ಯಕ್ಕಾ, ಒಲಿ ಮ್ಯಾಲೆ ಬ್ಯಾಳಿ ಇಟ್ಟಿದ್ದೆ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಗೊತ್ತಿಲ್ಲ.”

“ನೆನಪ ಮಾಡ್ಕೋ.”

“ಆಗವಲ್ದು. ಪೋರಿ ಒಳಗದಾಳ. ಕೀಲಿಕೈ ನನ್ನ ಸೊಂಟದಾಗ ಐತಿ.”

ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ಇಬ್ಬರೂ ಗೇಟು ದಾಟಿ ಸಿಕ್ಕ ರಿಕ್ಷಾ ಹತ್ತಿದೆವು. ಶಿವವ್ವ ನನ್ನ ತೋಳು ಹಿಡಿದು ಕೂತಳು. ಅವಳ ಉಗುರು ನೆಟ್ಟದ್ದು ನನಗೆ ಸಂಜೆಯೇ ಗೊತ್ತಾಗಿದ್ದು. ತಿರುವಿನಲ್ಲಿ ನಮ್ಮ ಸಾಲಿನ ಕಡೆಯಿಂದ ಹೊಗೆ ಕಂಡಿತು. ಹತ್ತಿರ ಹೋದರೆ ಯಾರೋ ಕಸ ಸುಡುತ್ತಿದ್ದರು.

ಅವಳು ಕೀಲಿಕೈ ತೂರಿಸಲು ಒದ್ದಾಡುತ್ತಿದ್ದಳು, ನಾನೇ ಕಸಿದು ಕೀಲಿ ತೆಗೆದೆ. ಅಶ್ವಿನಿ ನೆಲದ ಮೇಲೆ ಕೂತು ಗೊಂಬೆಗೆ ಜಡೆ ಹಾಕುತ್ತಿದ್ದಳು. ಒಲೆ ಆರಿತ್ತು. ಶಿವವ್ವ ಮಗಳನ್ನು ಅವಚಿಕೊಂಡು ಅತ್ತಳು.

“ಬಂದ್ ಮಾಡೇ ಹೋಗಿದ್ನಿ ಯಕ್ಕಾ.”

“ನೀ ಮಾಡಿಲ್ಲವ್ವ” ಎಂದಳು ಮಗಳು. “ಬಕೀಟ ಬೋರಲ ಹಾಕಿ, ಹತ್ತಿ, ನಾನ ಬಂದ್ ಮಾಡ್ದೆ. ದಿನಾ ನಾನ ಮಾಡ್ತೇನಲ್ಲ.”

ದಿನಾ ಅಂದಿದ್ದಳು ಹುಡುಗಿ. ಶಿವವ್ವನ ಅಳು ನಿಂತೇಹೋಯಿತು.

ಈಗ ಶಿವವ್ವ ಟೆಂಪೋ ಬರುವ ಮೊದಲೇ ಮಗಳನ್ನು ಅಂಗನವಾಡಿಗೆ ಬಿಟ್ಟು ಬಂದು ರಸ್ತೆಯಲ್ಲಿ ನಿಂತಿರುತ್ತಾಳೆ. ಬೈಯಲು ನನಗೆ ಏನೂ ಉಳಿದಿಲ್ಲ. ಆದರೆ ಅಶ್ವಿನಿಗೆ ನಂಬಿಕೆ ಬಂದಿಲ್ಲ. ಗ್ಯಾಸ್ ಬಂದ್ ಮಾಡಿದ್ದೇನೆಂದು ಅವ್ವ ಎಷ್ಟು ಹೇಳಿದರೂ ಕೇಳದೆ, ಹೊರಡುವ ಮುಂಚೆ ಒಳಗೆ ಓಡಿ ಒಲೆ ಮುಟ್ಟಿ ನೋಡಿಯೇ ಬರುತ್ತಾಳೆ. ಅವಳು ಬರುವತನಕ ಶಿವವ್ವ ತಲೆ ತಗ್ಗಿಸಿಕೊಂಡು ಬಾಗಿಲಲ್ಲಿ ಕಾಯುತ್ತಾಳೆ.