ಎಡಗೈಗೆ ಒಗ್ಗಿದ ಕತ್ತರಿ

ಆದೋನಿ ಬಜಾರಿನ ಕಬ್ಬಿಣದ ಸಾಮಾನಿನ ಅಂಗಡಿ. ಕೈಚೀಲದಿಂದ ಮಲ್ಲಿಗೆ ಕಡ್ಡಿಗಳ ಕಟ್ಟು ತೆಗೆದು ಗಲ್ಲಾದ ಮೇಲಿಟ್ಟೆ. ಅಂಗಡಿಯ ಸಾಹೇಬರು ಕಡ್ಡಿ ನೋಡಿದರು, ನನ್ನ ಮುಖ ನೋಡಿದರು.

ಗಿಡ ಸವರುವ ಕತ್ತರಿ ಎಷ್ಟು ಥರ ಇವೆಯೋ ಅಷ್ಟೂ ತೆಗೆಯಿರಿ, ಕತ್ತರಿಸಿ ನೋಡಿಯೇ ಒಯ್ಯುತ್ತೇನೆ ಅಂದೆ. ನಮ್ಮ ಯಜಮಾನರು ರಸ್ತೆಯ ಕಡೆ ತಿರುಗಿ, ಈಕೆ ಯಾರೋ ಗೊತ್ತೇ ಇಲ್ಲ ಅನ್ನುವ ಹಾಗೆ ನಿಂತುಬಿಟ್ಟರು!

ಎಪ್ಪತ್ತರ ದಶಕದ ಕೊನೆಯ ಮಾತಿದು. ಮದುವೆಯಾಗಿ ಬರುವಾಗ ಮಾಧವರಂ ತವರಿನಿಂದ ಒಂದು ದುಂಡುಮಲ್ಲಿಗೆ ಸಸಿ ತಂದು, ಗಂಡನ ಮನೆಯ ಹಿತ್ತಿಲಲ್ಲಿ ಬಾವಿಯ ಪಕ್ಕ ನೆಟ್ಟಿದ್ದೆ. ನಮ್ಮಮ್ಮ ಬೆಳೆಸಿದ ಗಿಡದ ಸಸಿ. ಅಮ್ಮ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ... ನನ್ನ ಪಾಲಿಗೆ ಉಳಿದದ್ದು ಆ ಗಿಡ.

ಮೊದಲೆರಡು ಬೇಸಿಗೆ ಚೆನ್ನಾಗಿ ಬಿಟ್ಟಿತು. ಆಮೇಲೆ ಬರೀ ಎಲೆ, ಬರೀ ಒಣಕಡ್ಡಿ. ಮಾವನವರು ಆ ಜಾಗದಲ್ಲಿ ಬಚ್ಚಲುಮನೆ ಕಟ್ಟಿಸುವ ಮಾತೆತ್ತಿದರು. ಈ ಬೇಸಿಗೆಗೂ ಹೂ ಬಿಡದಿದ್ದರೆ ಕೀಳಿಸುವುದೇ ಎಂದು ತೀರ್ಮಾನವಾಯಿತು.

ಗಿಡದ ತಪ್ಪೇನೂ ಇರಲಿಲ್ಲ. ನಾನು ಎಡಚಿ, ಅಷ್ಟೇ.

ನಮ್ಮದು ವೈಷ್ಣವರ ಮನೆ. ಹಿತ್ತಿಲ ಮಲ್ಲಿಗೆ ಅಂದರೆ ಮೊದಲು ದೇವರಿಗೆ. ಅದಕ್ಕೆ ಎಡಗೈ ಸೋಕಕೂಡದು, ಬಿಡಿಸಲೂ ಕೂಡದು, ಸವರಲೂ ಕೂಡದು ಎಂದು ಅತ್ತೆಯ ಕಟ್ಟಪ್ಪಣೆ.

ಹಾಗಾಗಿ ಪ್ರತಿ ಪುಷ್ಯ ಮಾಸದಲ್ಲಿ ಮನೆಯ ಹಳೆಯ ಅಡಕೊತ್ತನ್ನು ಬಲಗೈಯಲ್ಲಿ ಹಿಡಿದು ಸವರುತ್ತಿದ್ದೆ. ಅಡಿಕೆ ಕತ್ತರಿಸಿ ಕತ್ತರಿಸಿ ಮೊಂಡಾದ ಅಲಗು, ಶಕ್ತಿಯಿಲ್ಲದ ಬಲಗೈ. ಕಡ್ಡಿ ಜಜ್ಜಿಹೋಗುತ್ತಿತ್ತು, ಜಜ್ಜಿದಲ್ಲಿಂದ ಒಣಗುತ್ತಾ ಬುಡದವರೆಗೂ ಬರುತ್ತಿತ್ತು.

ಒಮ್ಮೆ ಯಾರೂ ಇಲ್ಲದಾಗ ಹೊಲಿಗೆ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ನೋಡಿದೆ. ಅದೂ ಬಲಗೈಯವರಿಗೆ ಮಾಡಿದ್ದು. ಕಡ್ಡಿ ತುಂಡಾಗದೆ ಎರಡು ಅಲಗಿನ ನಡುವೆ ಮಡಚಿಕೊಂಡಿತು. ಅವತ್ತೇ ಹಟ ಹುಟ್ಟಿತು. ಕೈ ಬದಲಿಸುವುದು ಸಾಕು, ಕತ್ತರಿಯನ್ನೇ ಬದಲಿಸೋಣ ಅಂತ.

ಅಂಗಡಿಯಲ್ಲಿ ಮೊದಲು ಬಂದದ್ದು ಉದ್ದ ಹಿಡಿಯ ಬೇಲಿ ಕತ್ತರಿ. ಎರಡು ಕೈ ಬೇಕು, ಮಲ್ಲಿಗೆಯ ಪೊದೆಯೊಳಗೆ ತೂರುವುದೇ ಇಲ್ಲ. ಆಮೇಲೆ ಗಿಳಿ ಕೊಕ್ಕಿನಂಥದ್ದು. ಎಡಗೈಯಲ್ಲಿ ಹಿಡಿದರೆ ಕೊಕ್ಕು ತಿರುವುಮುರುವು, ಎಲ್ಲಿ ಕತ್ತರಿಸುತ್ತಿದ್ದೇನೆ ಅಂತಲೇ ಕಾಣದು.

ಸಾಹೇಬರು ಸಮಾಧಾನವಾಗಿಯೇ ಹೇಳಿದರು: "ಎಡಗೈಯವರಿಗಂತ ಯಾರೂ ಮಾಡಂಗಿಲ್ಲಮ್ಮಾ. ಬಲಗೈಲೆ ರೂಢಿ ಮಾಡ್ಕೋರಿ."

ನನಗೆ ರೇಗಿಹೋಯಿತು. ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ಇದೇ ಮಾತು!

"ರೂಢಿ ಮಾಡ್ಕೊಂಡಿದ್ದಕ್ಕ ಗಿಡ ಸಾಯಲಿಕ್ಕೆ ಹತ್ತದ. ಒಳಗ ಬ್ಯಾರೆ ಯಾವುದರ ಅದ ಏನು, ನೋಡ್ರಿ," ಅಂದೆ.

ಅವರು ಅಟ್ಟ ಹತ್ತಿ, ದೂಳು ಹಿಡಿದದ್ದೊಂದನ್ನು ಇಳಿಸಿದರು. ಒಂದೇ ಅಲಗು, ಕೆಳಗೆ ಒಂದು ಚಪ್ಪಟೆ ಪಟ್ಟಿ. ಅಲಗು ನೇರ ಪಟ್ಟಿಯ ನಡುವೆ ಬಂದು ಕೂರುತ್ತದೆ. ಅದಕ್ಕೆ ಎಡ ಬಲದ ಹಂಗೇ ಇಲ್ಲ!

ಬೆಳಕಿಗೆ ಹಿಡಿದು ನೋಡಿದೆ, ಅಲಗಿಗೂ ಪಟ್ಟಿಗೂ ನಡುವೆ ಸಂದು ಕಾಣಲಿಲ್ಲ. ಹಸಿ ಕಡ್ಡಿ ಇಟ್ಟು ಅದುಮಿದೆ. ಕಚ್... ನುಣ್ಣಗೆ ತುಂಡಾಯಿತು. ಬೆರಳು ದಪ್ಪದ ಒಣಕಡ್ಡಿ ಮಾತ್ರ ಸ್ವಲ್ಪ ಜಜ್ಜಿತು. ಅದಕ್ಕೆಂದು ಸಣ್ಣ ಗರಗಸವೊಂದನ್ನೂ ತೆಗೆದುಕೊಂಡೆ.

ದಾರಿಯಲ್ಲಿ ಯಜಮಾನರದ್ದು ಒಂದೇ ಚಿಂತೆ, ತಮ್ಮ ಅಮ್ಮನಿಗೆ ನಾನು ಏನು ಹೇಳುತ್ತೇನೋ ಅಂತ. ಇದ್ದದ್ದನ್ನೇ ಹೇಳುತ್ತೇನೆ ಅಂದೆ.

"ಅತ್ತೀರ, ಎಡಗೈಲೆ ಸವರತೀನಿ. ಹೂ ಬಿಡಲಿಲ್ಲಂದ್ರ ನಾನೇ ಕಿತ್ತು ಹಾಕತೀನಿ." ಮನೆ ಹೊಕ್ಕವಳೇ ಕತ್ತರಿಯನ್ನು ಅತ್ತೆಯ ಮುಂದಿಟ್ಟು ಹೇಳಿದೆ.

ಹಾಗೆ ಬೆಳೆದ ಹೂ ದೇವರ ಕೋಣೆಗೆ ಬರುವುದಿಲ್ಲ ಎಂದರು ಅತ್ತೆ. ಆಗಲಿ ಎಂದು ಹಿತ್ತಿಲಿಗೆ ಹೋದೆ. ಸವರಿದೆ, ಗೊಬ್ಬರ ಕೊಟ್ಟೆ, ಸೇದಿ ಸೇದಿ ನೀರು ಹಾಕಿದೆ.

ಚೈತ್ರಕ್ಕೆ ಗಿಡದ ತುಂಬಾ ಮೊಗ್ಗು! ಮಾವನವರು ಏನೂ ಆಗದವರ ಹಾಗೆ ಬಚ್ಚಲನ್ನು ಆಚೆ ಗೋಡೆಗೆ ಸರಿಸಿದರು. ಓಣಿಯ ಹೆಣ್ಣುಮಕ್ಕಳೆಲ್ಲ ಮುಡಿದರು. ದೇವರಿಗೆ ಮಾತ್ರ ಒಂದು ಎಸಳೂ ಹೋಗಲಿಲ್ಲ. ಗೆದ್ದಿದ್ದೆ, ನಿಜ. ಆದರೆ ಅಮ್ಮನ ಹೂವು ಹೊಸಿಲ ಆಚೆಯೇ ಉಳಿಯಿತಲ್ಲ!

ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೇನೆ... ಹಿತ್ತಿಲಿನಿಂದ ಕಚ್ ಅನ್ನುವ ಸದ್ದು.

ಹೋಗಿ ನೋಡಿದರೆ ಅತ್ತೆ. ಬಾವಿಯ ಹಗ್ಗಕ್ಕೆ ತೊಡರುತ್ತಿದ್ದ ಕುಡಿಯನ್ನು ಕತ್ತರಿಸುತ್ತಿದ್ದಾರೆ. ಗೆಣ್ಣಿನ ಮೇಲೆ ಸರಿಯಾಗಿ, ಒಂದಿಷ್ಟೂ ಜಜ್ಜದ ಹಾಗೆ. ಕತ್ತರಿ ಇರುವುದು ಅವರ ಎಡಗೈಯಲ್ಲಿ.

ನನ್ನನ್ನು ಕಂಡವರೇ ಅದನ್ನು ಬಲಗೈಗೆ ಸರಿಸಿದರು. ಒಂದು ಕ್ಷಣ ಹಾಗೇ ನಿಂತು, ಮತ್ತೆ ಎಡಗೈಗೆ ತೆಗೆದುಕೊಂಡರು.

ದಿನಾ ಬೆಳಿಗ್ಗೆ ಅತ್ತೆ ಬಲಗೈಯಲ್ಲಿ ಹಾಕುತ್ತಿದ್ದ ರಂಗೋಲಿ ನೆನಪಾಯಿತು. ಆ ಗೆರೆಗಳು ಯಾವತ್ತೂ ಸೊಟ್ಟ. ವಯಸ್ಸಾಗಿದೆ, ಕೈ ನಡುಗುತ್ತದೆ ಅಂದುಕೊಂಡಿದ್ದೆ.

"ಸಣ್ಣಾಕಿ ಇದ್ದಾಗ ನಮ್ಮಮ್ಮ ಈ ಕೈಗೆ ಅರಿವಿ ಸುತ್ತಿ ಕಟ್ಟಿಡತಿದ್ದಳು," ಅಂದರು. "ನನಗ ಮರ್ತೇ ಹೋಗಿತ್ತು ನೋಡು."

ಬಿದ್ದ ಕುಡಿಯನ್ನು ನಾನು ಆರಿಸಿಕೊಂಡೆ. ಅವರು ಆಗಲೇ ಇನ್ನೊಂದು ಕುಡಿ ಹುಡುಕುತ್ತಿದ್ದರು.

ಮರುದಿನ ಸ್ನಾನ ಮಾಡಿ ದೇವರ ಕೋಣೆಗೆ ಹೋದರೆ, ಒಳಗೆಲ್ಲ ಮಲ್ಲಿಗೆಯ ಘಮ. ದಪ್ಪ ಮಾಲೆ. ಅತ್ತೆ ಯಾವ ಕೈಯಲ್ಲಿ ಬಿಡಿಸಿದರೋ, ದೇವರಿಗೇ ಗೊತ್ತು!

ಅತ್ತೆ ಈಗಿಲ್ಲ. ಕತ್ತರಿ ಇದೆ, ಎರಡು ಸಲ ಸ್ಪ್ರಿಂಗ್ ಬದಲಿಸಿದ್ದೇನೆ.

ನಿಮ್ಮ ಮನೆಯ ಹಿರಿಯರಲ್ಲಿ ಯಾರ ಎಡಗೈಗೆ ಬಟ್ಟೆ ಕಟ್ಟಿದ್ದರು... ಯಾವತ್ತಾದರೂ ಕೇಳಿದ್ದೀರಾ?