ಬುತ್ತಿಗೆಂದೇ ತಂದ ಬೋಗುಣಿ

ಈ ಸಂಘವನ್ನು ಕಟ್ಟಿದವಳು ನಾನಲ್ಲ. ಕಟ್ಟಿದವಳನ್ನು ಹೊರಗೆ ಹಾಕಿದವಳು ನಾನು.

ಗೋಕಾಕದ ನಮ್ಮ ಸ್ನಾತಕೋತ್ತರ ಕೇಂದ್ರದ ವಿದ್ಯಾರ್ಥಿ ಸಂಘ ಈ ಸಲ ನೆನಪಿನ ಸಂಚಿಕೆ ತರುತ್ತಿದೆಯಂತೆ. "ಮೊದಲನೇ ಅಧ್ಯಕ್ಷರು ನೀವ, ಸಂಘ ಹುಟ್ಟಿದ ಕಥಿ ನೀವ ಬರದ ಕೊಡ್ರಿ" ಎಂದು ಈಗಿನ ಹುಡುಗರು ಫೋನು ಮಾಡಿದ್ದರು. ಇಗೋ, ಬರೆದುಕೊಟ್ಟಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕಟ್ಟಿದವಳು ಶಬಾನಾ. ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನಾನು ಕೊಣ್ಣೂರಿನವಳು, ಸವಿತಾ. ಎಂ.ಎ. ಮೊದಲ ವರ್ಷ ನಾವು ಮೂವತ್ತು ಚಿಲ್ಲರೆ ಜನ — ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಪಾಠ ಮುಗಿದರೆ ಮೂಡಲಗಿಯವರು ಮೂಡಲಗಿ ಬಸ್ಸಿಗೆ, ಹುಕ್ಕೇರಿಯವರು ಹುಕ್ಕೇರಿ ಬಸ್ಸಿಗೆ ಓಟ. ನಮ್ಮಲ್ಲೊಬ್ಬ ಓದು ಬಿಟ್ಟು ಮನೆಯಲ್ಲಿ ಕೂತು ಎರಡು ತಿಂಗಳಾದರೂ ಯಾರಿಗೂ ಸುದ್ದಿಯಿರಲಿಲ್ಲ. ಅದು ತಿಳಿದ ದಿನ ಶಬಾನಾ ಎಲ್ಲರನ್ನೂ ನಿಲ್ಲಿಸಿ ಹೇಳಿದಳು: "ಶನಿವಾರಕ್ಕೊಮ್ಮೆ ಎಲ್ಲಾರೂ ಬುತ್ತಿ ತಂದು ನಡುವ ಇಡೂಣು. ತಮ್ಮದು ತಾವು ಉಣ್ಣೂದಲ್ಲ, ಬಾಜೂದವರದು ಉಣ್ಣೂದು. ಒಬ್ಬರ ರೊಟ್ಟಿ ಉಂಡ ಮ್ಯಾಲೆ ಅವರ ಹೆಸರ ಹೆಂಗ ಮರೀತೇವಿ?"

ಸಂಘ ಹುಟ್ಟಿದ್ದು ಹೀಗೆ, ಒಂದು ಚಾದರದ ಸುತ್ತ. ಬಾರದವರ ಮನೆಗೆ ಫೋನು ಮಾಡುವುದು, ತಪ್ಪಿದ ಪಾಠದ ನೋಟ್ಸ್ ಮುಟ್ಟಿಸುವುದು — ಎಲ್ಲ ಆಮೇಲೆ ಬಂದದ್ದು, ಅದೂ ಅವಳಿಂದಲೇ. ಎರಡನೆಯ ವರ್ಷ ಸಂಘಕ್ಕೆ ಅಧ್ಯಕ್ಷರನ್ನು ಆರಿಸಬೇಕೆಂದಾಗ ಎಲ್ಲರ ಬಾಯಲ್ಲೂ ಶಬಾನಾಳ ಹೆಸರೇ. ನನಗೂ ಆಸೆಯಿತ್ತು. ಆಸೆ ಎಂದರೆ ಮೆತ್ತಗಾಯಿತು — ನನಗೆ ಹೊಟ್ಟೆಕಿಚ್ಚಾಗಿತ್ತು.

ಅದಕ್ಕೂ ಮೊದಲು ಒಂದು ಭಾನುವಾರ ದಡ್ಡಿಯ ಅವಳ ಮನೆಗೆ ಹೋಗಿದ್ದೆ. ಅವಳ ತಾಯಿ, ನಾನು ಚಾಚಿ ಎನ್ನುತ್ತಿದ್ದೆ, ಮೇಲಿನ ಹಲಗೆಯಿಂದ ಹೊಸ ಸ್ಟೀಲಿನ ಬೋಗುಣಿ ಇಳಿಸಿ ತೋರಿಸಿದರು. ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. "ಇದು ಶನಿವಾರದ ಬುತ್ತಿಗಷ್ಟ ತಂದದ್ದು ಬೇಟಿ. ಮಾಂಸದ ಅಡಗಿ ಇದಕ್ಕ ಮುಟ್ಟಸೂದಿಲ್ಲ. ನಿಮ್ಮ ಹುಡುಗೂರಿಗೆ ಸಂಶೆ ಬರಬಾರದು ನೋಡು." ಅದರಲ್ಲೇ ಮಾಡಿದ ಬದನೆಕಾಯಿ ಎಣ್ಣೆಗಾಯಿಯನ್ನು ನನಗೆ ಬಡಿಸಿದರು. ನಾಲ್ಕು ರೊಟ್ಟಿ ಉಂಡೆ.

ಚುನಾವಣೆಗೆ ಮೂರು ವಾರವಿತ್ತು. ಆ ಶನಿವಾರ ಶಬಾನಾಳ ಬಸ್ಸು ತಡವಾಗಿತ್ತು. ಚಾದರ ಹಾಸುತ್ತ ಮಸಗುಪ್ಪಿಯ ಬಸವರಾಜ ಕೇಳಿದ — ಕೆಟ್ಟ ಮನಸ್ಸಿನಿಂದಲ್ಲ, ಅವನ ಮನೆಯಲ್ಲಿ ಯಾರೋ ಕೇಳಿದ್ದರಂತೆ — "ಸವಿತಾ, ನೀ ಅವರ ಮನಿಗೆ ಹೋಗಿ ಬಂದಿ ಅಲ್ಲ, ಬುತ್ತಿ ಬ್ಯಾರೆ ಭಾಂಡೇದಾಗ ಮಾಡ್ತಾರೇನ?" ಹೌದು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಸ್ವಲ್ಪ ತಡೆದೆ. ಎಲ್ಲರೂ ನನ್ನ ಮುಖ ನೋಡಲಿ ಎಂದೇ ತಡೆದೆ.

"ಬಿಡೋ, ಅದನ್ನ ನನ್ನ ಬಾಯಿಂದ ಯಾಕ ಹೇಳಸ್ತಿ."

ಅಷ್ಟೇ ಅಂದದ್ದು. ಸುಳ್ಳು ಹೇಳಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ — ಎಂಥ ಜಾಣೆ ನಾನು.

ಶಬಾನಾ ಓಡುತ್ತ ಬಂದಳು, ಡಬ್ಬಿ ತೆರೆದು ನಡುವೆ ಇಟ್ಟಳು. ಕೈಗಳೆಲ್ಲ ಆ ಡಬ್ಬಿಯನ್ನು ಬಿಟ್ಟು ಬೇರೆ ಕಡೆ ಹೋದವು. "ಇವತ್ತ ಯಾರಿಗೂ ಹಸಿವಿಲ್ಲೇನು?" ಎಂದು ನಕ್ಕಳು. "ಹೊಟ್ಟಿ ತುಂಬೇತಿ" ಎಂದೆ, ಬೇರೆಯವರ ರೊಟ್ಟಿ ಮುರಿಯುತ್ತ. ಮುಂದಿನ ಶನಿವಾರವೂ ಅವಳ ಡಬ್ಬಿ ತುಂಬಿದ್ದು ತುಂಬಿದಂತೆಯೇ ಉಳಿಯಿತು. ಮೂರನೆಯ ಶನಿವಾರ ಅವಳು ಚಾದರದ ಹತ್ತಿರ ಕೂರಲಿಲ್ಲ. "ಅಧ್ಯಕ್ಷರ ಪಟ್ಟಿಯಿಂದ ನನ್ನ ಹೆಸರ ತಗೀರಿ" ಎಂದಷ್ಟೇ ಹೇಳಿ ಗ್ರಂಥಾಲಯಕ್ಕೆ ಹೋದಳು. ಅದರ ಮುಂದಿನ ಶನಿವಾರ ನಾನು ಅವಿರೋಧವಾಗಿ ಆಯ್ಕೆಯಾದೆ. ಆ ದಿನ ಅವಳೂ ಬಂದು ಚಪ್ಪಾಳೆ ತಟ್ಟಿದಳು.

ಅದೇ ಸಂಜೆ ಬಸ್ ನಿಲ್ದಾಣದಲ್ಲಿ ನಮ್ಮೂರ ಬಸ್ಸಿನ ಕಿಟಕಿಯಿಂದ ಅವಳನ್ನು ಕಂಡೆ. ನಿಲ್ದಾಣದ ಹಿಂಬದಿಯಲ್ಲಿ ನಿಂತು ಒಂದು ಆಕಳಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು. ಪಲ್ಯ ಚೆಲ್ಲಿದಳು, ನಲ್ಲಿಯಲ್ಲಿ ಡಬ್ಬಿ ತೊಳೆದಳು, ದುಪಟ್ಟಾದಿಂದ ಒರೆಸಿ ಮುಚ್ಚಿದಳು. ಮನೆಗೆ ಖಾಲಿ ಡಬ್ಬಿ ಹೋಗಬೇಕಿತ್ತು. ಬಸ್ಸು ಇಳಿದು ಅವಳ ಬಳಿ ಓಡಬೇಕಾಗಿತ್ತು ನಾನು — ನನಗೆ ಮರುಕವೂ ಬರಲಿಲ್ಲ. ಗೆದ್ದೆ ಅನ್ನಿಸಿತು. ಹಾಯಾಗಿ ಊರಿಗೆ ಹೋಗಿ ಉಂಡು ಮಲಗಿದೆ.

ಓದು ಮುಗಿಯುವವರೆಗೂ ಶನಿವಾರ ಅವಳು ಬುತ್ತಿ ತರುವುದನ್ನು ಬಿಡಲಿಲ್ಲ. ಬಿಟ್ಟರೆ ತಾಯಿ ಯಾಕೆಂದು ಕೇಳುತ್ತಿದ್ದರು. ಆ ವರ್ಷದ ಸಂಘದ ವರದಿಯಲ್ಲಿ 'ನಾವೆಲ್ಲ ಒಂದೇ ಚಾದರದ ಸುತ್ತ ಉಂಡವರು' ಎಂದು ಬರೆದವಳು ನಾನು.

ಕಳೆದ ತಿಂಗಳು ಹುಕ್ಕೇರಿ ಪೇಟೆಯಲ್ಲಿ ಚಾಚಿ ಸಿಕ್ಕರು. ನಾನು ಮುಖ ತಿರುಗಿಸುವಷ್ಟರಲ್ಲಿ ಗುರುತು ಹಿಡಿದು ಕೈ ಹಿಡಿದುಕೊಂಡರು. "ಶಬಾನಾ ಮದವಿಯಾಗಿ ಹ್ವಾದಳು. ಆ ಬೋಗುಣಿ ಇನ್ನೂ ಐತಿ ಬೇಟಿ. ಎರಡ ವರ್ಷ ಒಂದ ದಿನಾನೂ ಡಬ್ಬಿ ತುಂಬಿ ತಿರಗಿ ಬರಲಿಲ್ಲ ನೋಡು. ಖರೇನ ಎಲ್ಲಾರಿಗೂ ಸೇರ್ತಿತ್ತೇನ?"

"ಒಂದ ತುತ್ತೂ ಉಳೀತಿರಲಿಲ್ಲ ಚಾಚಿ" ಎಂದೆ.

ಅವರು ನನ್ನ ಗಲ್ಲ ಸವರಿದರು. ಅಲ್ಲಿಂದ ಬಂದು ಇದನ್ನು ಬರೆಯಲು ಕೂತೆ. ಚಾಚಿಗೆ ಓದು ಬಾರದು. ಯಾರೂ ಇದನ್ನು ಓದಿ ಹೇಳಬೇಡಿ. ಆ ಸುಳ್ಳು ಶಬಾನಾ ಹೊತ್ತು ಸಾಕಿದ್ದು, ಅದನ್ನು ಕೆಡಿಸುವ ಹಕ್ಕು ನನಗಿಲ್ಲ. ಅವಳ ನಂಬರು ಹುಡುಕಿ ಇಟ್ಟುಕೊಂಡಿದ್ದೇನೆ. ಈ ಬರಹ ಮೊದಲು ಅವಳಿಗೆ ಹೋಗುತ್ತದೆ, ಆಮೇಲೆ ನಿಮಗೆ. ಕ್ಷಮೆ ಕೇಳಿಲ್ಲ — ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ. ಸಂಘದ ಅಧ್ಯಕ್ಷರ ಫಲಕದಿಂದ ನನ್ನ ಹೆಸರು ತೆಗೆಯಿರಿ.

ಬಸವರಾಜ, ಅಂದು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಪಾತ್ರೆ ಬೇರೆ ಇರದಿದ್ದರೂ ಏನಾಗುತ್ತಿತ್ತು — ಅದು ನಾವೆಲ್ಲರೂ ಕೇಳಿಕೊಳ್ಳಬೇಕಾದದ್ದು. ಆದರೆ ಬೋಗುಣಿ ಬೇರೆಯೇ ಇತ್ತು. ನಾನು ನೋಡಿದ್ದೆ. ಅದರಲ್ಲಿ ಮಾಡಿದ್ದನ್ನು ಹೊಟ್ಟೆ ತುಂಬ ಉಂಡಿದ್ದೆ.